ಎಲ್ಲಮ್ಮನ ಆರಾಧನೆಯಲ್ಲಿ ಚೌಡಿಕೆಯ ಸ್ಥಾನ

ದೇವಾಲಯಗಳ ಇತಿಹಾಸವನ್ನು ಶಾಸನಗಳಲ್ಲಿ ಅರಸುವುದು ನಮ್ಮ ರೂಢಿ. ಸವದತ್ತಿಯ ಎಲ್ಲಮ್ಮನ ಪರಂಪರೆಯನ್ನು ಅರಿಯುವುದಕ್ಕಾದರೋ ಹಾಡೂ ಅಷ್ಟೇ ಮುಖ್ಯವಾದ ಆಕರವಾಗಿದೆ. ಗರ್ಭಗುಡಿಯ ಪೂಜೆ ಅರ್ಚಕರದು. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ಊರೂರಿಗೆ ಕೊಂಡೊಯ್ದವರು ಜೋಗತಿಯರು ಮತ್ತು ಜೋಗಪ್ಪಂದಿರು.

ಇವರ ಮುಖ್ಯ ವಾದ್ಯ ಚೌಡಿಕೆ. ಟೊಳ್ಳಾದ ಮರದ ಒಡಲಿನ ತಳಕ್ಕೆ ಚರ್ಮವನ್ನು ಬಿಗಿದು, ಅದರ ನಡುವಿನಿಂದ ಹೊರಟ ಒಂದೇ ತಂತಿಯನ್ನು ಪಕ್ಕದ ಕೋಲಿಗೆ ಕಟ್ಟಿರುತ್ತಾರೆ. ಮೀಟಿದಾಗ ಶ್ರುತಿಯೂ ಲಯವೂ ಒಟ್ಟಿಗೆ ಹೊಮ್ಮುತ್ತವೆ. ಮುಂದಾಳು ಹಾಡಿದ ನುಡಿಯನ್ನು ಮೇಳದವರು ಎತ್ತಿಕೊಳ್ಳುತ್ತಾರೆ. ನಡುನಡುವೆ ‘ಉಧೋ ಉಧೋ’ ಎಂಬ ಘೋಷ. ಮಾಘಮಾಸದ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿಯೂ, ಹಳ್ಳಿಯ ಸಣ್ಣ ಎಲ್ಲಮ್ಮನ ಗುಡಿಯ ಮುಂದೆಯೂ ಕೇಳಿಬರುವುದು ಇದೇ ನಾದ.

ಆದರೆ ಹಾಡಿದವರ ಬಾಳನ್ನು ಬಿಟ್ಟು ಹಾಡನ್ನು ಮಾತ್ರ ಪರಿಶೀಲಿಸುವುದು ಉಚಿತವಲ್ಲ. ಇವರಲ್ಲಿ ಅನೇಕರು ದಲಿತ ಕುಟುಂಬಗಳಲ್ಲಿ ಹುಟ್ಟಿ, ತಿಳಿವು ಮೂಡುವ ಮೊದಲೇ ಮುತ್ತು ಕಟ್ಟಿಸಿಕೊಂಡವರು. ಮುಂಬಯಿ ಪ್ರಾಂತದ 1934ರ ಕಾಯಿದೆಯೂ ಕರ್ನಾಟಕದ 1982ರ ಕಾಯಿದೆಯೂ ದೇವದಾಸಿಯರಾಗಿ ಅರ್ಪಿಸುವುದನ್ನು ನಿಷೇಧಿಸಿದವು. ಅರ್ಪಣೆಯಿಲ್ಲದೆಯೂ ಚೌಡಿಕೆಯನ್ನು ಕಲಿಯಬಹುದು, ಕಲಿಸಬಹುದು. ಹಾಗೆ ಕಲಿಯುವವರು ಅದರ ಬೆಲೆಯನ್ನು ತಮ್ಮ ಬಾಳಿನಿಂದ ತೆತ್ತವರನ್ನು ಮರೆಯದಂತೆ ನೋಡಿಕೊಳ್ಳುವುದು ಇತಿಹಾಸಕಾರನ ಹೊಣೆಯಾಗಿದೆ.