ಡಬ್ಬಿಯ ಹಂದಿ, ಹಗ್ಗದ ಖಂಡ

ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ಬಂದ ವರ್ಷ, ಮೊದಲ ಪಗಾರದಲ್ಲಿ ನಾವು ಬೆಂಗಳೂರಿನಿಂದ ಕಮಲನಗರಕ್ಕೆ ತಂದದ್ದು ಒಂದು ಡಬ್ಬಿ ಹಂದಿಮಾಂಸ. ತೂಕ 340 ಗ್ರಾಂ. ಬೆಲೆ ನಮ್ಮವ್ವನ ಎರಡು ದಿನದ ಕೂಲಿ. ಅವ್ವಗ ಸೀರೆ ತರಬೇಕಿತ್ತು, ಹೌದು. ಆದರೆ ಆ ಡಬ್ಬಿಯ ಮೇಲೆ ನಮಗೊಂದು ಹಳೆಯ ಸಿಟ್ಟಿತ್ತು.

ಓದುವಾಗ ನಾವಿದ್ದ ಬಾಡಿಗೆ ಕೋಣೆಯಲ್ಲಿ, ಆಯಿ ಕಟ್ಟಿಕೊಟ್ಟ ಚಾನ್ಯಾದ ಗಂಟು ವಾಸನೆ ಹೊಡೀತದೆ ಅಂತ ಮಾಲೀಕ ನಮ್ಮನ್ನು ಹಾಸಿಗೆ ಸಮೇತ ಹೊರಗೆ ಹಾಕಿದ. ಆ ರಾತ್ರಿ ನಾವು ನಿಂತ ಬೀದಿಯ ದೊಡ್ಡ ಅಂಗಡಿಯ ಗಾಜಿನೊಳಗೆ, ದೀಪದ ಕೆಳಗೆ, ಈ ಡಬ್ಬಿ ಸಾಲಾಗಿ ಕೂತಿತ್ತು. ಅದೂ ಮಾಂಸ, ಇದೂ ಮಾಂಸ. ಎರಡಕ್ಕೂ ಕೆಡಬಾರದೆಂದು ಉಪ್ಪು ಬಿದ್ದಿದೆ. ಹಾಗಿದ್ದ ಮೇಲೆ ಅದಕ್ಕೆ ಗಾಜಿನ ಕಪಾಟು ಎಲ್ಲಿಂದ ಬಂತು? ಅದರ ಹುಟ್ಟು ಕೆದಕಬೇಕಲ್ಲ, ಗೆಳೆಯರೆ?

ಡಬ್ಬಿ ಹುಟ್ಟಿದ್ದು ಯುದ್ಧಕ್ಕೆ. ಫ್ರಾನ್ಸಿನ ನಿಕೊಲಾ ಅಪೆರ್ ಎಂಬ ಮಿಠಾಯಿಗಾರ ಅನ್ನಪದಾರ್ಥವನ್ನು ಗಾಜಿನ ಸೀಸೆಯಲ್ಲಿ ಹಾಕಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸಿದರೆ ಕೆಡುವುದಿಲ್ಲವೆಂದು ತೋರಿಸಿದ. 1810ರಲ್ಲಿ ಸರಕಾರ ಅವನಿಗೆ 12,000 ಫ್ರಾಂಕ್ ಇನಾಮು ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತವರ ಬಳಿದ ಡಬ್ಬಿಗೆ ಪೇಟೆಂಟು ಪಡೆದ. 1813ರ ಹೊತ್ತಿಗೆ ಡಬ್ಬಿಮಾಂಸ ಬ್ರಿಟಿಷ್ ಪಡೆಗಳಿಗೆ ಹೋಯಿತು. ಡಬ್ಬಿ ಬಂತು, ತೆರೆಯುವ ಕೀಲಿ ಬರಲಿಲ್ಲ! ನಲವತ್ತಕ್ಕೂ ಹೆಚ್ಚು ವರ್ಷ ಸಿಪಾಯಿಗಳು ಉಳಿ ಸುತ್ತಿಗೆಯಿಂದ ಒಡೆದು ತಿಂದರು.

ನಾವು ತಂದ ಬಗೆಯ ಡಬ್ಬಿ 1937ರದ್ದು. ಅಮೇರಿಕದ ಮಿನೆಸೋಟಾ ರಾಜ್ಯದ ಆಸ್ಟಿನ್ ಎಂಬ ಊರಿನ ಹಾರ್ಮೆಲ್ ಕಂಪನಿ ಅದಕ್ಕೆ ಸ್ಪ್ಯಾಮ್ ಅಂತ ಹೆಸರಿಟ್ಟಿತು. ಹಂದಿಯ ತೊಡೆ ಚೆನ್ನಾಗಿ ಮಾರಾಟವಾಗುತ್ತಿತ್ತು, ಭುಜದ ಮಾಂಸ ಕೇಳುವವರು ಕಡಿಮೆ. ಆ ಭುಜವನ್ನು ಅರೆದು, ಉಪ್ಪು, ಸಕ್ಕರೆ, ಸೋಡಿಯಂ ನೈಟ್ರೈಟ್ ಕಲಸಿ, ಹಸಿಯದನ್ನೇ ಡಬ್ಬಿಗೆ ತುಂಬಿ ಮುಚ್ಚಿ, ಡಬ್ಬಿಯಲ್ಲೇ ಬೇಯಿಸಿದರು. ನೈಟ್ರೈಟಿನಿಂದ ಮಾಂಸ ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ. ವಿಷ ಮಾಡುವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ನಾಲ್ಕು ವರ್ಷದಲ್ಲಿ ಅಮೇರಿಕ ಯುದ್ಧಕ್ಕಿಳಿಯಿತು, ಡಬ್ಬಿ ಜಗತ್ತೆಲ್ಲ ತಿರುಗಿತು. ಅದಿಲ್ಲದಿದ್ದರೆ ನಮ್ಮ ಸೈನ್ಯಕ್ಕೆ ಕೂಳು ಹಾಕುವುದು ಕಷ್ಟವಿತ್ತೆಂದು ರಷ್ಯಾದ ಕ್ರುಶ್ಚೇವ್ ನೆನಪು ಮಾಡಿಕೊಂಡಿದ್ದಾನೆ.

ಆಮೇಲಿನ ಕತೆ ನಮ್ಮ ಕೇರಿಗೆ ಹತ್ತಿರದ್ದು. 1950-53ರ ಯುದ್ಧದಲ್ಲಿ ಕೊರಿಯ ಹಾಳಾಗಿ ಹಸಿವಿನಲ್ಲಿತ್ತು. ಅಮೇರಿಕನ್ ಛಾವಣಿಯಲ್ಲಿ ಉಳಿದದ್ದು, ಕದ್ದು ಹೊರಬಂದದ್ದು ಎಲ್ಲ ಒಂದೇ ಗಡಿಗೆಗೆ ಬಿತ್ತು: ಡಬ್ಬಿಮಾಂಸದ ತುಂಡು, ಹುಳಿಬಂದ ಕಿಮ್ಚಿ ಎಲೆಕೋಸು, ಮೆಣಸಿನಕಾಯಿ ಹಿಂಡಿ. ಅದರ ಹೆಸರೇ ಬುದೆ ಜಿಗೆ, ಅಂದರೆ ಪಲ್ಟನ್ ಸಾರು. ದೊರೆಗಳ ಎಂಜಲಿನಿಂದ ಹುಟ್ಟಿದ ಆ ಸಾರಿಗೆ ಈಗ ಸಿಯೋಲಿನಲ್ಲಿ ಹೋಟೆಲುಗಳಿವೆ. ಸುಗ್ಗಿ ಹಬ್ಬಕ್ಕೆ ಡಬ್ಬಿಗಳನ್ನು ಉಡುಗೊರೆ ಕೊಡುತ್ತಾರೆ. ಹವಾಯಿಯಲ್ಲಿ ತುಂಡನ್ನು ಸೋಯಾ ರಸ ಸಕ್ಕರೆಯಲ್ಲಿ ಹುರಿದು, ಅನ್ನದ ಮುದ್ದೆಯ ಮೇಲಿಟ್ಟು, ಸಮುದ್ರದ ಪಾಚಿಯ ಹಾಳೆ ಸುತ್ತುತ್ತಾರೆ. ಎಂಜಲು ತಿಂದ ನೆನಪು ಅವರಿಗೂ ಇದೆ. ಆದರೆ ಅವರ ಎಂಜಲು ಒಂದು ತಲೆಮಾರಿನದು, ನಮ್ಮದು ಎಷ್ಟು ತಲೆಮಾರಿನದೋ ಲೆಕ್ಕ ಇಟ್ಟವರಿಲ್ಲ.

ನಮ್ಮ ಡಬ್ಬಿ ಹಗ್ಗ. ಊರಿನ ಸತ್ತ ದನ ಹೊರುವುದು ನಮ್ಮವರ ಪಾಲಿಗೆ ಬಂದ ಬಿಟ್ಟಿ ಕೆಲಸ. ದನ ಸತ್ತರೆ ಮಾಂಸ ಒಮ್ಮೆಲೇ ಬರುತ್ತದೆ, ನಾಳೆ ಇರುವುದಿಲ್ಲ. ಅದಕ್ಕೆ ಖಂಡವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ತಿಕ್ಕಿ, ಬಿಸಿಲಿಗೆ ಹಗ್ಗದ ಮೇಲೆ ಹಾಕಿದರು. ನೀರು ಹೋದ ಮಾಂಸ ಕೆಡುವುದಿಲ್ಲ. ಅಪೆರ್‌ನ ಇನಾಮಿಗೆ ಕಾಯದೆ ನಮ್ಮ ಮುದುಕಿಯರು ಕಂಡುಕೊಂಡ ಸಂಗತಿ ಇದು. ಕೊಬ್ಬು ಮಾತ್ರ ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಆದ್ದರಿಂದ ಕೊಬ್ಬಿನ ಹಂದಿ ಹಗ್ಗಕ್ಕೆ ಒಗ್ಗಲಿಲ್ಲ, ಎಮ್ಮೆ ಒಗ್ಗಿತು. ಮೈಸೂರು ಕಡೆ ಇದಕ್ಕೆ ಕೊರಬಾಡು ಅಂತಾರೆ. ನಮ್ಮಲ್ಲಿ ಮರಾಠಿಯ ಚಾನ್ಯಾ. 1956ರ ತನಕ ಉದಗೀರವೂ ಬೀದರ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಗಡಿ ಬಂದು ಊರುಗಳನ್ನು ಹಂಚಿಕೊಂಡಿತು, ಚಾನ್ಯಾ ಎರಡೂ ಕಡೆ ಉಳಿಯಿತು. ಮರಾಠವಾಡಾದ ಮಹಾರ ಮಾಂಗರ ಅಡಿಗೆಯನ್ನು ಶಾಹು ಪಾಟೋಳೆ 2015ರಲ್ಲಿ ಮರಾಠಿ ಪುಸ್ತಕ ಮಾಡಿದರು.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಬಿಡಬೇಕಾಗಿತ್ತು, ಬಿಟ್ಟೆವು. ಆದರೆ ಬಿಟ್ಟದ್ದು ಹೊರುವ ಹಂಗನ್ನು. ಕಸಾಯಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಎಮ್ಮೆಖಂಡವನ್ನಲ್ಲ. ಈ ಎರಡನ್ನೂ ಒಂದೇ ಮಾಡಿ ನಮಗೆ ಉಪದೇಶ ಹೇಳುವವರು ಇದ್ದಾರೆ. ನಮ್ಮೊಳಗೂ ಇದ್ದಾರೆ. ಎಮ್ಮೆ ತಿನ್ನುವವರು ಹಂದಿ ತಿನ್ನುವವರನ್ನು ಒಂದು ಮೆಟ್ಟಿಲು ಕೆಳಗೆ ಕೂಡಿಸುವುದುಂಟು. ಬರೆಯೋಕೆ ನಾಚಿಕೆಯಾಗ್ತದೆ, ಆದರೂ ಬರೀಬೇಕು.

2021ರ ಜನವರಿಯಿಂದ ಕರ್ನಾಟಕದ ಹೊಸ ಕಾಯಿದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಯಾವ ದನವನ್ನೂ ಕಡಿಯುವಂತಿಲ್ಲ. ಕಡಿದರೆ ಮೂರರಿಂದ ಏಳು ವರ್ಷ ಜೈಲು. ಮುದಿ ಎಮ್ಮೆಯ ಖಂಡಕ್ಕೆ ಕಾಯಿದೆಯ ಅಡ್ಡಿ ಇಲ್ಲ. ಆದರೆ ಹಗ್ಗದ ಮೇಲಿನ ಖಂಡ ತನ್ನ ವಯಸ್ಸು ಹೇಳುವುದಿಲ್ಲವಲ್ಲ! ಆಯಿಯ ಹಗ್ಗ ಅಂಗಳದಿಂದ ಹಿತ್ತಲಿಗೆ ಹೋಗಿದೆ, ಮ್ಯಾಲೆ ಹಳೇ ಸೀರೆ.

ಆ ದಿನ ಡಬ್ಬಿ ತೆರೆದೆವು. ಬೆರಳು ದಪ್ಪ ಕೊಯ್ದು, ಎಣ್ಣೆ ಹಾಕದೆ ಹಂಚಿನ ಮೇಲಿಟ್ಟರೆ ಸಾಕು, ತನ್ನ ಕೊಬ್ಬಿನಲ್ಲೇ ಕೆಂಪಗೆ ಹುರಿಯುತ್ತದೆ. ಉಪ್ಪು ಮತ್ತೆ ಹಾಕಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಖಾರಪುಡಿ ಜೊತೆ ತಿರುವಿ ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಟ್ಟೆವು. ಆಯಿ ತಿಂದು ನೋಡಿದಳು.

‘ಉಪ್ಪು ಬಾಳ ಅದ ತಮ್ಮಾ. ಕಡೀಲಿಕ್ಕ ಏನೂ ಇಲ್ಲ. ಯಾ ತುಂಡಿಂದಿದು?’

ಭುಜದ್ದು, ಅಲ್ಲಿ ಯಾರೂ ಕೇಳ್ತಿರಲಿಲ್ಲಂತ, ಎಂದೆವು.

‘ಹಂಗಾರ ನಮ್ಮಂಗೇ’ ಅಂದವಳೇ ಎದ್ದು ಒಲಿ ಮುಂದೆ ಕೂತಳು. ಚಾನ್ಯಾವನ್ನು ಕೆಂಡದ ಮೇಲೆ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ಬಿಸಿನೀರಲ್ಲಿ ನೆನೆಸಿದಳು. ತೊಗರಿಬೇಳೆ ಅರ್ಧ ಬೆಂದಾಗ ಅದರೊಳಗೆ ಹಾಕಿ, ಪುಂಡಿಪಲ್ಲೆ ಹರಿದು ಹಾಕಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟಳು. ಖಂಡ ಮೆತ್ತಗಾಗಬೇಕಾದರೆ ಒಂದು ತಾಸು ಬೇಕು, ಅವಸರ ಮಾಡಬಾರದು. ಹುಳಿ ಹೀರಿದ ಖಂಡದ ರುಚಿ ಬರೆದು ತೋರಿಸಲಿಕ್ಕೆ ನಮ್ಮಿಂದಾಗದು.

ಮರುದಿನ ನಾವು ಹೊರಡುವಾಗ ಆಯಿ ಮತ್ತೆ ಗಂಟು ಕಟ್ಟಿದಳು. ಈ ಸಲ ಬಟ್ಟೆಯಲ್ಲಲ್ಲ, ಸ್ಟೀಲ್ ಡಬ್ಬಿಯಲ್ಲಿ, ಬಾಯಿಗೆ ಪ್ಲಾಸ್ಟಿಕ್ ಸುತ್ತಿ. ಹೊರಗ ವಾಸನಿ ಬರಬಾರದಲ್ಲ, ಅಂದಳು.