ಬಿ.ಸಿ.ಜಿ. ಲಸಿಕೆಯೂ ರಕ್ತದ ಕಾವಲುಗಾರರೂ

ಬೆಂಗಳೂರಿನಿಂದ ಹೊರಟು ಪೀಣ್ಯದ ಕಾರ್ಖಾನೆಗಳನ್ನು ದಾಟಿ ತುಮಕೂರಿನ ದಾರಿ ಹಿಡಿದರೆ ನೆಲಮಂಗಲವು ಸಿಕ್ಕುವುದು. ಕ್ಷಯರೋಗದ ಚರಿತ್ರೆಯಲ್ಲಿ ಈ ಸೀಮೆಗೆ ಒಂದು ಸ್ಥಾನವುಂಟು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರ ವರೆಗೆ ನೆಲಮಂಗಲವೂ ಸೇರಿದಂತೆ ಮೂರು ತಾಲ್ಲೂಕುಗಳ 119 ಹಳ್ಳಿಗಳ ಜನರನ್ನು ಮೇಲಿಂದ ಮೇಲೆ ಪರೀಕ್ಷಿಸಿದರು. ಕಫದಲ್ಲಿ ರೋಗಾಣು ಕಂಡವರ ಪೈಕಿ ಸುಮಾರು ಅರ್ಧ ಮಂದಿ ಐದು ವರ್ಷಗಳೊಳಗೆ ತೀರಿಹೋದರು. ಇಂತಹ ವ್ಯಾಧಿಗೆ ಕಟ್ಟೆ ಹಾಕುವುದೆಂದು ಜನರು ನಂಬಿದ್ದುದು ಬಿ.ಸಿ.ಜಿ. ಲಸಿಕೆಯನ್ನು.

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಎಂಬ ವಿದ್ವಾಂಸರು ದನಗಳ ಕ್ಷಯದ ರೋಗಾಣುವನ್ನು ಹದಿಮೂರು ವರ್ಷ ಬೆಳೆಸಿ, ಅದರ ಕ್ರೌರ್ಯವನ್ನು ಕುಗ್ಗಿಸಿ ಈ ಲಸಿಕೆಯನ್ನು ಸಾಧಿಸಿದರು. 1921ರಲ್ಲಿ ಅದನ್ನು ಪ್ಯಾರಿಸಿನ ಒಂದು ಶಿಶುವಿಗೆ ಮೊದಲು ಕೊಟ್ಟರು. 1948ರಲ್ಲಿ ಅದು ಭಾರತದಲ್ಲಿ ಬಳಕೆಗೆ ಬಂದಿತು. ಆದರೆ 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಆರಂಭವಾದ ಮಹಾಪ್ರಯೋಗವು, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆಯು ತಡೆಯಲಿಲ್ಲವೆಂದು ತೋರಿಸಿತು. ಎಳೆಮಕ್ಕಳ ಮೆದುಳುಪೊರೆಯ ಕ್ಷಯವನ್ನು ತಡೆಯುವ ಗುಣ ಮಾತ್ರ ಅದಕ್ಕೆ ಉಳಿಯಿತು.

ಹಾಗಾದರೆ ಲಸಿಕೆಯ ಫಲ ಅಷ್ಟೇ ಆಯಿತೆ? 1930ರ ಸುಮಾರಿಗೇ ಸ್ವೀಡನ್ನಿನ ನೆಸ್ಲುಂಡ್ ಎಂಬ ವೈದ್ಯನು, ಲಸಿಕೆ ಪಡೆದ ಶಿಶುಗಳು ಇತರ ರೋಗಗಳಿಂದಲೂ ಕಡಮೆ ಸಾಯುವುದನ್ನು ಗಮನಿಸಿದ್ದನು. ಅದರ ಒಂದು ಕಾರಣವು ಬೆಳಕಿಗೆ ಬಂದುದು 2012ರಲ್ಲಿ. ರಕ್ತದಲ್ಲಿ ಹುಟ್ಟುಗುಣದಿಂದಲೇ ಶತ್ರುವಿನ ಮೇಲೆ ಬೀಳುವ ಮಾನೊಸೈಟ್ ಎಂಬ ಬಿಳಿಯ ಕಣಗಳಿವೆ. ಇವಕ್ಕೆ ನೆನಪಿಲ್ಲವೆಂದೇ ಶಾಸ್ತ್ರವು ಹೇಳುತ್ತಿದ್ದಿತು. ಹಾಲೆಂಡಿನ ನೈಮೇಘೆನ್ ನಗರದ ವಿದ್ವಾಂಸರು ಆರೋಗ್ಯವಂತರಿಗೆ ಬಿ.ಸಿ.ಜಿ. ಕೊಟ್ಟು ನೋಡಲಾಗಿ, ಮೂರು ತಿಂಗಳ ಮೇಲೂ ಆ ಕಣಗಳು ಸಂಬಂಧವಿಲ್ಲದ ರೋಗಾಣುಗಳಿಗೂ ಹೆಚ್ಚು ಬಲವಾಗಿ ಪ್ರತಿಕ್ರಿಯೆ ತೋರಿದವು.

ಇದರ ಮರ್ಮವನ್ನು ತಾಳೆಗರಿಯ ಕಟ್ಟಿನ ಹೋಲಿಕೆಯಿಂದ ತಿಳಿಯಬಹುದು. ಜೀನುಗಳ ಬರಹವು ಹಿಸ್ಟೋನ್ ಎಂಬ ಪದಾರ್ಥದ ಸುತ್ತ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಲಸಿಕೆಯು ಅಕ್ಷರವನ್ನು ತಿದ್ದುವುದಿಲ್ಲ; ಹಿಸ್ಟೋನಿನ ಮೇಲೆ ರಾಸಾಯನಿಕ ಗುರುತುಗಳನ್ನಿಟ್ಟು ಕಟ್ಟನ್ನು ಸಡಿಲಿಸುತ್ತದೆ. ಆಗ ರಕ್ಷಣೆಗೆ ಬೇಕಾದ ಜೀನುಗಳು ಬೇಗನೆ ಓದಲ್ಪಡುವುವು. ಮಾನೊಸೈಟುಗಳು ಕೆಲವೇ ದಿನ ಬದುಕುವುವಾದರೂ, ಅವನ್ನು ಹಡೆಯುವ ಅಸ್ಥಿಮಜ್ಜೆಯ ತಾಯಿಕಣಗಳಲ್ಲಿಯೇ ಮಾರ್ಪಾಡಾಗುವುದರಿಂದ ಹೊಸ ಪೀಳಿಗೆಗೂ ಆ ಅಭ್ಯಾಸವು ದಾಟುತ್ತದೆ.

ಆದರೂ ಅತ್ಯಾಶೆ ಸಲ್ಲದು. 2020ರ ಕೋವಿಡ್ ಮಾರಿಯಲ್ಲಿ ಬಿ.ಸಿ.ಜಿ.ಯು ಕಾಪಾಡೀತೆಂದು ಹಲವರು ನಂಬಿದರು. ಆಸ್ಪತ್ರೆಯ ನೌಕರರಲ್ಲಿ ನಡೆದ ದೊಡ್ಡ ಪ್ರಯೋಗದ ಫಲವು 2023ರಲ್ಲಿ ಪ್ರಕಟವಾದಾಗ ಆ ಆಶೆ ನೆರವೇರಲಿಲ್ಲ. ಒಂದು ಪ್ರಯೋಗದಲ್ಲಿ ಸೋತ ಲಸಿಕೆಯು ಪೂರ್ಣ ವ್ಯರ್ಥವಲ್ಲ, ಒಂದು ಗುಣ ಕಂಡ ಮಾತ್ರಕ್ಕೆ ಅದು ಸರ್ವರೋಗಕ್ಕೂ ಮದ್ದಲ್ಲ. ಈ ಎರಡನ್ನೂ ಕಲಿಸಿದುದು ಎಣಿಸಿ ನೋಡುವ ತಾಳ್ಮೆ. ನೆಲಮಂಗಲದ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದವರ ತಾಳ್ಮೆಯೂ ಅದೇ.