ದಫ್ತರದೊಳಗಿನ ಮನೆತನಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ವಂಶಶೋಧನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಈಚೆಗೆ ಮನೆತನದ ಚರಿತ್ರೆ ಬರೆಸುವವರು ಹೆಚ್ಚಾಗಿದ್ದಾರೆ. ಜಾತ್ರೆಯ ಸ್ಮರಣಸಂಚಿಕೆಯಿರಲಿ, ಹಿರಿಯರ ಅಭಿನಂದನ ಗ್ರಂಥವಿರಲಿ, ಅದರಲ್ಲೊಂದು ವಂಶವೃಕ್ಷ ಇರಲೇಬೇಕು. ಇವುಗಳಲ್ಲಿ ಹೆಚ್ಚಿನವು ಸವದತ್ತಿ ರಟ್ಟರ ಶಾಸನದಿಂದ ಹೊರಟು ಒಂದೇ ನೆಗೆತಕ್ಕೆ ಮುತ್ತಜ್ಜನ ಬಳಿ ಬಂದು ನಿಲ್ಲುತ್ತವೆ. ನಡುವಿನ ಕಾಲದ ಬಗ್ಗೆ ಕೇಳಿದರೆ ‘ದಾಖಲೆ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ನಿಜವಲ್ಲ. ಕಳೆದ ಇನ್ನೂರು ವರ್ಷಗಳ ಮಟ್ಟಿಗಂತೂ ದಾಖಲೆ ರಾಶಿರಾಶಿಯಾಗಿದೆ. ಕಡಿಮೆಯಾಗಿರುವುದು ಅದನ್ನು ಓದಬಲ್ಲವರ ಸಂಖ್ಯೆ.

1818ರಲ್ಲಿ ಪೇಶ್ವೆ ಆಳಿಕೆ ಮುಗಿದು ಕಂಪನಿ ಸರ್ಕಾರ ಬಂದಮೇಲೆ ಈ ಭಾಗದ ಬಗ್ಗೆ ಬರೆದವರು ಅಧಿಕಾರಿಗಳೇ. ಸ್ಟೋಕ್ಸ್ 1870ರಲ್ಲಿ ಬೆಳಗಾವಿ ಜಿಲ್ಲೆಯ ಚರಿತ್ರೆ ಬರೆದ. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕ್ರಮಗೊಳಿಸಿದ. ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಝೆಟಿಯರಿನ 21ನೆಯ ಸಂಪುಟ 1884ರಲ್ಲಿ ಬಂತು. ಇವರ ಕಣ್ಣಿಗೆ ಬಿದ್ದದ್ದು ರಾಜರು ಮತ್ತು ಜಾತಿಗಳು. ಇವೆರಡರ ನಡುವೆ ಇರುವ ಮನೆತನ ಎಂಬ ಘಟಕ ಅವರಿಗೆ ಬೇಕಿರಲಿಲ್ಲ.

ಆದರೆ ಅದೇ ಸರ್ಕಾರದ ಕಂದಾಯ ಇಲಾಖೆಗೆ ಮನೆತನವೇ ಬೇಕಾಗಿತ್ತು. ಇನಾಮು ಭೂಮಿಯ ಹಕ್ಕನ್ನು ಪರೀಕ್ಷಿಸುವ ಕೆಲಸ 1843ರಲ್ಲಿ ಶುರುವಾದದ್ದು ನಮ್ಮ ಈ ದಕ್ಷಿಣ ಮರಾಠಾ ಸೀಮೆಯಲ್ಲೇ. 1852ರ 11ನೆಯ ಕಾಯ್ದೆ ಇನಾಮ್ ಕಮಿಷನ್ನಿಗೆ ಪೂರ್ಣ ಅಧಿಕಾರ ಕೊಟ್ಟಿತು. ಇನಾಮುದಾರ ತನ್ನ ಕೈಫಿಯತ್ತು, ಸನದು, ವಂಶಾವಳಿಗಳನ್ನು ಮುಂದಿಡಬೇಕಿತ್ತು. ಕಮಿಷನ್ನು ಅವನ್ನು ಪೇಶ್ವೆ ದಫ್ತರದ ಲೆಕ್ಕಗಳೊಂದಿಗೆ ತಾಳೆ ನೋಡುತ್ತಿತ್ತು. 1864ರ ಗಾರ್ಡನ್ ಇತ್ಯರ್ಥ ದೇಸಾಯಿ, ದೇಶಪಾಂಡೆಯವರ ಚಾಕರಿಯನ್ನು ಹಣಕ್ಕೆ ಪರಿವರ್ತಿಸಿತು. ವಂಶಪಾರಂಪರ್ಯ ಚಾಕರಿಗೆ ಸಂಬಂಧಿಸಿದ 1874ರ ವತನ ಕಾಯ್ದೆ ಪಾಟೀಲ, ಕುಲಕರ್ಣಿಯಿಂದ ಹಿಡಿದು ಕೆಳಗಿನ ಚಾಕರಿಯವರವರೆಗೆ ವತನದಾರರ ಹೆಸರು ಹಚ್ಚುವ ರಜಿಸ್ಟರುಗಳಿಗೆ ದಾರಿಮಾಡಿತು. ತೆರಿಗೆಗಾಗಿ ಹುಟ್ಟಿದ ಈ ಕಾಗದಗಳೇ ಇಂದು ನಮ್ಮ ಪಾಲಿನ ದೊಡ್ಡ ಆಕರ.

ಇಂಥ ಹಳೆಯ ಕಾಗದಗಳನ್ನು ಮೊದಲು ಓದಿದವರು ಮರಾಠಿ ಇತಿಹಾಸಕಾರರು. ರಾಜವಾಡೆ, ಪಾರಸನೀಸರು ಮನೆಮನೆ ತಿರುಗಿ ದಫ್ತರ ಕೂಡಿಸಿದರು. ಸರದೇಸಾಯಿಯವರು 1930ರ ದಶಕದ ಮೊದಲ ಭಾಗದಲ್ಲಿ ಪೇಶ್ವೆ ದಫ್ತರದ 45 ಸಂಪುಟ ಹೊರತಂದರು. ದೊಡ್ಡ ಸಾಧನೆ ಅದು. ಆದರೂ ಅವರು ಹುಡುಕಿದ್ದು ಮರಾಠಾ ರಾಜ್ಯದ ಕಥೆಯನ್ನು. ಇತ್ತ ಧಾರವಾಡದಲ್ಲಿ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದವು. ನಮ್ಮ ವಿದ್ವಾಂಸರು ಶಾಸನ ಮತ್ತು ತಾಡೋಲೆಗಳ ಕಡೆ ಹೊರಳಿದರು. ನಾಡು ಕಟ್ಟುವ ಆ ಕಾಲಕ್ಕೆ ಅದು ಬೇಕಾಗಿತ್ತು. ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ ಮಾತ್ರ ‘ಅವರದು’ ಎನಿಸಿಕೊಂಡು ಹಾಗೇ ಉಳಿಯಿತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು; ಅದರ ಹಳೆಯ ಕಾಗದದ ಬಹುಭಾಗ ಪುಣೆ, ಮುಂಬಯಿಗಳಲ್ಲೇ ಉಳಿಯಿತು.

ನಮ್ಮ ಪೀಳಿಗೆಯನ್ನು ದಾಖಲೆ ಕೋಣೆಗೆ ಕರೆತಂದದ್ದು ವಿಶ್ವವಿದ್ಯಾಲಯವಲ್ಲ, ಕಾನೂನು. 1951ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳು ರದ್ದಾದಾಗ ಮರುಮಂಜೂರಾತಿಗೆ ವಂಶಾವಳಿ ಬೇಕಾಯಿತು. 1974ರ ಮಾರ್ಚಿನಿಂದ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ, ಉಳುವವನು ತನ್ನ ಗೇಣಿಯನ್ನು ಸಾಬೀತುಪಡಿಸಲು ಜಮೀನಿನ ಹಳೆಯ ಉತಾರಗಳನ್ನು ಹುಡುಕಿದ. ಘಟಪ್ರಭೆಗೆ ಹಿಡಕಲ್ ಆಣೆಕಟ್ಟು ಬಂದಾಗ ಮುಳುಗಡೆಯ ಊರವರು ಪರಿಹಾರಕ್ಕಾಗಿ ವಾರಸಾ ಕಾಗದ ತೆಗೆಸಿದರು. ಆ ಆಣೆಕಟ್ಟಿಗೆ ವಂಟಮೂರಿಯ ರಾಜಾ ಲಖಮಗೌಡರ ಹೆಸರಿದೆ, ಅವರ ಮನೆತನದ ಕಥೆ ಬಲ್ಲವರು ಬಹಳ. ಮುಳುಗಿದ ಊರುಗಳ ಒಕ್ಕಲು ಮನೆತನಗಳ ಹೆಸರು ಉಳಿದಿರುವುದು ಇಂಥ ಹಳೆಯ ಕಾಗದಗಳಲ್ಲಿ ಮಾತ್ರ.

ಈ ಕಾಲದಲ್ಲಿ ಒಂದು ಓದಿನ ಕ್ರಮ ರೂಪುಗೊಂಡಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಗಳಿಕೆ ಅದೇ. ಇಂದಿನ ಉತಾರದಿಂದ ಹಿಂದಕ್ಕೆ ನಡೆಯಬೇಕು. 1903ರ ಹಕ್ಕುದಾಖಲೆ ಕಾಯ್ದೆಯ ನಂತರ ಪ್ರತಿ ಹಳ್ಳಿಗೂ ಡೈರಿ ಬಂತು. ಯಾರು ತೀರಿದರು, ವಾರಸದಾರರು ಯಾರು, ಪಾಲು-ವಾಟ್ನಿ ಹೇಗಾಯಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. 1918ರ ಇನ್‌ಫ್ಲುಯೆಂಜಾದ ನಂತರದ ಪುಟಗಳಲ್ಲಿ ‘ಅಜ್ಞಾನ’ ಎಂದರೆ ಅಪ್ರಾಪ್ತ ಮಕ್ಕಳು, ಅವರ ಪಾಲಕಿಯಾಗಿ ನಿಂತ ತಾಯಿ ಕಾಣಿಸಿಕೊಂಡರೆ ಒಂದು ಮನೆಯ ಸಂಕಟವೇ ಅಲ್ಲಿದೆ ಎಂದು ತಿಳಿಯಬೇಕು. ಅದಕ್ಕೂ ಹಿಂದೆ ಹೋದರೆ ಸರ್ವೇ ಕಾಗದ, ವತನ ರಜಿಸ್ಟರು, ಇನಾಮ್ ಕೈಫಿಯತ್ತು. ಆಗ ಹುಕ್ಕೇರಿಯ ಊರುಗಳನ್ನು ಚಿಕ್ಕೋಡಿಯ ಕೆಳಗೆ, ಈಚೆಗೆ ತಾಲ್ಲೂಕಾದ ಮೂಡಲಗಿಯನ್ನು ಗೋಕಾಕದ ಕೆಳಗೆ ಹುಡುಕಬೇಕು. ಪಕ್ಕದ ಹಳ್ಳಿ ಕೊಲ್ಹಾಪುರ, ಜಮಖಂಡಿ ಅಥವಾ ಮುಧೋಳ ಸಂಸ್ಥಾನದ್ದಾಗಿದ್ದರೆ ಕಾಗದದ ದಾರಿಯೇ ಬೇರೆ.

ಈ ಓದು ಬೆಳಕಿಗೆ ತಂದ ದೊಡ್ಡ ವರ್ಗ ಶೇತಸನದಿಗಳದು. ಹೊಲದ ಸನದು ಪಡೆದು ಕೋಟೆ ಕಾವಲು, ಊರ ಕಾವಲು ಮಾಡಿದವರು ಇವರು. ಸಂಗೊಳ್ಳಿ ರಾಯಣ್ಣ ಇದೇ ಚಾಕರಿಯವನು. ಸನದಿ, ತಳವಾರ, ವಾಲಿಕಾರ, ನಾಯಿಕ ಎಂಬ ಅಡ್ಡಹೆಸರುಗಳ ಹಿಂದೆ ಹಲವೆಡೆ ಒಂದು ಭೂಮಿ, ಒಂದು ಚಾಕರಿ, ಒಂದು ಕಾಗದ ಇದೆ. ದಲಿತರ ವಿಷಯವೂ ಹೀಗೆಯೇ. ಅಂಬೇಡ್ಕರರು 1928ರಲ್ಲಿ ಮುಂಬಯಿ ಕೌನ್ಸಿಲಿನಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಂಡಿಸಿದ್ದು ಮಹಾರ ವತನದ ಬಿಟ್ಟಿ ದುಡಿಮೆಯ ವಿರುದ್ಧ. ಆ ಅನ್ಯಾಯವನ್ನು ನಡೆಸಿದ ರಜಿಸ್ಟರಿನಲ್ಲೇ ಆ ಮನೆತನಗಳ ಹಿರಿಯರ ಹೆಸರುಗಳೂ ಇವೆ.

ದಫ್ತರಕ್ಕೆ ಜೋಡಿಯಾಗಿ ನಿಲ್ಲಬಲ್ಲವರು ಹೆಳವರು. ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು ವಂಶ ಹಾಡುವ ಇವರ ಹೊತ್ತಿಗೆಗಳನ್ನು ವಿದ್ವಾಂಸರು ಬಹುಕಾಲ ಜಾನಪದವೆಂದು ಪಕ್ಕಕ್ಕಿಟ್ಟರು. ಮನೆತನ ಯಾವ ಊರು ಬಿಟ್ಟು ಯಾವ ಊರಿಗೆ ಬಂತು ಎಂಬುದನ್ನು ಹೆಳವ ಹೇಳುತ್ತಾನೆ. ಸರ್ಕಾರಿ ಕಾಗದ ಒಂದೇ ಊರಿಗೆ ಕಟ್ಟುಬಿದ್ದಿರುತ್ತದೆ. ಎರಡನ್ನೂ ಕೂಡಿಸಿ ಓದಿದವನೇ ವಂಶಶೋಧಕ.

ಈಚೆಗೆ ಒಂದು ತಪ್ಪು ಓದು ಹಬ್ಬುತ್ತಿದೆ: ಇನಾಮ್ ದಾಖಲೆಯ ವಂಶಾವಳಿ ಸಿಕ್ಕರೆ ಅದೇ ಅಂತಿಮ ಸತ್ಯವೆಂಬ ನಂಬಿಕೆ. ಆ ವಂಶಾವಳಿ ಹಕ್ಕು ಉಳಿಸಿಕೊಳ್ಳಲು ಬರೆದದ್ದು. ದತ್ತಕವನ್ನು ಸರ್ಕಾರ ಒಪ್ಪದೆ ಇನಾಮು ಕಿತ್ತುಕೊಂಡೀತೆಂಬ ಭಯವಿದ್ದ ಕಾಲದಲ್ಲಿ ದತ್ತಕ ಮಗನನ್ನು ಹೊಟ್ಟೆಯ ಮಗನೆಂದು ಬರೆಸುವ ಆಸೆ ಸಹಜ. ಪಾಲಿಲ್ಲದ ಕವಲುಗಳು ಬಿಟ್ಟುಹೋದವು. ಹೆಣ್ಣುಮಕ್ಕಳು ಇಲ್ಲವೇ ಇಲ್ಲ. ವಿಧವೆಯಾದಾಗ ಮಾತ್ರ ಹೆಣ್ಣಿಗೆ ಅಲ್ಲಿ ಹೆಸರು ಬರುತ್ತದೆ.

ಭೂಮಿಯ ಹಕ್ಕಿಗಾಗಿ ಬರೆಯದ ಕಾಗದದಲ್ಲಿ ಈ ಕೊರತೆ ಇರಬೇಕೆಂದಿಲ್ಲ; ಟ್ರಿನಿಡಾಡಿನ ಭಾರತೀಯರನ್ನು ನೋಡಿ. 1845ರಿಂದ ಕಬ್ಬಿನ ತೋಟಗಳಿಗೆ ಒಯ್ದ ಕೂಲಿಯಾಳುಗಳ ವಲಸೆ ಪಾಸಿನಲ್ಲಿ ಹೆಣ್ಣಿರಲಿ ಗಂಡಿರಲಿ ಹೆಸರು, ತಂದೆಯ ಹೆಸರು, ಜಾತಿ, ಹಳ್ಳಿ, ಠಾಣೆ, ಜಿಲ್ಲೆ ಬರೆದಿರುತ್ತಿದ್ದರು. ಶಂಶು ದೀನ್ ಎಂಬ ಅಧ್ಯಾಪಕರು ಆ ಪಾಸುಗಳನ್ನೇ ಹಿಡಿದು ಅನೇಕ ಕುಟುಂಬಗಳನ್ನು ಅವರ ಮೂಲ ಹಳ್ಳಿಗೆ ಮುಟ್ಟಿಸಿದರು. ಭೂಮಿಯಿಲ್ಲದವರ ವಂಶವನ್ನೂ ಹುಡುಕಬಹುದೆಂದು ಅವರು ತೋರಿಸಿದ್ದಾರೆ. ನಮ್ಮಲ್ಲಿ ಗೋಕಾಕ ಫಾಲ್ಸಿನ ಗಿರಣಿಗೆ ದುಡಿಯಲು ಬಂದವರ, ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತವರ, ಅಪರಾಧಿ ಬುಡಕಟ್ಟೆಂದು ಹಣೆಪಟ್ಟಿ ಹೊತ್ತು ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟಿಗೆ ದೂಡಿಸಿಕೊಂಡವರ ಮನೆತನದ ಚರಿತ್ರೆಯನ್ನು ಯಾರು ಬರೆದಿದ್ದಾರೆ?

2023ರಲ್ಲಿ ಬಂದ ಪ್ರಾಚಿ ದೇಶಪಾಂಡೆಯವರ ಗ್ರಂಥ ಮೋಡಿ ಬರಹವನ್ನೂ ಅದನ್ನು ಬರೆದ ಕಾರಕೂನರನ್ನೂ ಹೊಸ ಕಣ್ಣಿನಿಂದ ನೋಡಿದೆ. ಇಂಥ ಕೆಲಸ ಕನ್ನಡದಲ್ಲಿ ಆಗಬೇಕು. ಬೆಳಗಾವಿ, ಧಾರವಾಡದ ವಿಶ್ವವಿದ್ಯಾಲಯಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಮೋಡಿ ಲಿಪಿಯನ್ನು ಕಡ್ಡಾಯವಾಗಿ ಕಲಿಸಲಿ. ಈ ಮೂರು ತಾಲ್ಲೂಕುಗಳ ಹಳೆಯ ಡೈರಿ, ವತನ ರಜಿಸ್ಟರುಗಳನ್ನು ಗೆದ್ದಲು ಮುಟ್ಟುವ ಮೊದಲು ಸ್ಕ್ಯಾನ್ ಮಾಡಿಸಲಿ. ಹೆಳವರ ಹೊತ್ತಿಗೆಗಳನ್ನು ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು ಪ್ರತಿ ಮಾಡಿಸಲಿ. ಮನೆಯ ಗಂಟಿನಲ್ಲಿ ಓದಲು ಬಾರದ ಕಾಗದ ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ: ಅದನ್ನು ರದ್ದಿಗೆ ಹಾಕಬೇಡಿ. ನಿಮ್ಮ ಮನೆತನದ ಹೆಸರು ಅದರಲ್ಲಿರಬಹುದು, ನಿಮ್ಮ ಹೊಲದಲ್ಲಿ ದುಡಿದವರ ಹೆಸರೂ ಇರಬಹುದು.